ಒಂದೇ ಕೈಯಲ್ಲಿ ತಿನ್ನುವ ಹಣ್ಣು

ಭಾಷೆ, ಹಣ್ಣು, ಮೊಬೈಲ್ ಗೇಮು: ಈ ಮೂರರ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯಗಳಿವೆ. ಇದುವರೆಗೆ ಯಾರೂ ಕೇಳಿಲ್ಲ. ಹಾಗಾಗಿ ಹೇಳಲಿಕ್ಕೆ ಅಡ್ಡಿಯೂ ಇಲ್ಲ.

ಒಂದೇ ಕೈಯಲ್ಲಿ ತಿಂದು ಮುಗಿಸಬಹುದಾದದ್ದು ನನ್ನ ಮಟ್ಟಿಗೆ ಹಣ್ಣೇ ಅಲ್ಲ. ಸೇಬು ಈ ಜಾತಿಯದು. ಬಸ್ಸಿನಲ್ಲಿ ನಿಂತು ತಿನ್ನಬಹುದು, ಆಸ್ಪತ್ರೆಯಲ್ಲಿ ಮಲಗಿ ತಿನ್ನಬಹುದು, ಇನ್ನೊಂದು ಕೈಯಲ್ಲಿ ಗೇಮ್ ಆಡುತ್ತಲೂ ತಿನ್ನಬಹುದು. ಬಾಳೆಹಣ್ಣಿಗೆ ಮಾತ್ರ ವಿನಾಯಿತಿ. ದೇವರಿಗೇ ಬೇಕಾದದ್ದರ ಮೇಲೆ ಟೀಕೆ ಮಾಡುವ ಧೈರ್ಯ ನನಗಿಲ್ಲ.

ಹಣ್ಣೆಂದರೆ ಹಲಸು. ಕುಮಟಾ ತಾಲೂಕಿನ ನಮ್ಮ ಸಂತೆಗುಳಿ ಕಡೆ ಮಳೆ ಹಿಡಿಯುವ ಹೊತ್ತಿಗೆ ಮನೆಮನೆಯಲ್ಲೂ ಹಳೇ ಪೇಪರು ಹಾಸಿ, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಕೂರುವುದೇ. ಹಣ್ಣು ಸೀಳಬೇಕು, ಕಡ್ಡಿಗೆ ಸುತ್ತಿ ಸುತ್ತಿ ಮೇಣ ತೆಗೆಯಬೇಕು, ಗೂಂಜು ಕೆತ್ತಬೇಕು. ಆಮೇಲೆ ತೊಳೆ. ಗಟ್ಟಿ ತೊಳೆಯ ಬಕ್ಕೆಯಾದರೆ ಬಿಡಿಸಿದ್ದರಲ್ಲಿ ಅರ್ಧ ಬಿಡಿಸುವವರ ಬಾಯಿಗೇ. ಮೆತ್ತನೆಯ ಅಂಬಲಿ ಜಾತಿಯ ಹಣ್ಣು ಕೈಗೆ ನಿಲ್ಲುವುದಿಲ್ಲ, ನೇರ ಕಡುಬಿಗೆ. ಅಷ್ಟರಲ್ಲಿ ಮೂಲೆಯಲ್ಲಿಟ್ಟ ಫೋನು ಬಡಕೊಳ್ಳುತ್ತದೆ.

"ಆಯಿ, ನನ್ನ ಟೀಮು ಕಾಯ್ತಾ ಇದ್ದು!"

"ಕಾಯ್ಲಿ. ಅವಕ್ಕೂ ಎರಡು ತೊಳೆ ಇಡ್ವ."

ಮಾಣಿ ಎಣ್ಣೆಗೈಯಲ್ಲೇ ಪರದೆ ಒತ್ತಿ ನೋಡುತ್ತಾನೆ. ಬೆರಳು ಎತ್ತಲೋ ಜಾರುತ್ತದೆ, ಬಂದೂಕು ಆಕಾಶಕ್ಕೆ ಹಾರುತ್ತದೆ, ಮಾಣಿ ಸಾಯುತ್ತಾನೆ. ಮಕ್ಕಳ ಮೊಬೈಲ್ ಚಟ ಬಿಡಿಸಲು ಸಲಹೆ ಕೊಡುವವರು ಬಹಳ. ಹಲಸಿನ ಮರ ನೆಡಿ ಎಂದವರು ಒಬ್ಬರೂ ಇಲ್ಲ.

ಗೇಮ್ ಮಾಡುವವರಿಗೂ ಹಣ್ಣೆಂದರೆ ಪ್ರೀತಿಯೇ. 1980ರಲ್ಲಿ ಜಪಾನಿನಿಂದ ಬಂದ ಪ್ಯಾಕ್‌ಮ್ಯಾನ್‌ನಲ್ಲಿ ಚೆರ್ರಿ ನುಂಗಿದರೆ 100 ಅಂಕ, ಸ್ಟ್ರಾಬೆರಿಗೆ 300, ಸೇಬಿಗೆ 700. 2021ರಲ್ಲಿ ಅಲ್ಲಿಂದಲೇ ಸುಯಿಕಾ ಎಂಬ ಇನ್ನೊಂದು ಬಂತು: ಚೆರ್ರಿಗೆ ಚೆರ್ರಿ ತಾಗಿದರೆ ಸ್ಟ್ರಾಬೆರಿ, ಹೀಗೇ ದೊಡ್ಡದಾಗುತ್ತಾ ಕೊನೆಗೆ ಕಲ್ಲಂಗಡಿ. ಹಲಸಿಗೆ ಎರಡರಲ್ಲೂ ಜಾಗವಿಲ್ಲ. ಇದ್ದಿದ್ದರೆ ಆಟ ಅಲ್ಲೇ ಅಂಟಿಕೊಂಡು ನಿಲ್ಲುತ್ತಿತ್ತು, ಅದು ಬೇರೆ ಮಾತು.

ಇನ್ನು ಪಬ್‌ಜಿ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿದಾಗ ನಮ್ಮೂರ ತಾಯಂದಿರು ಖುಷಿಪಟ್ಟರು. ಮರುವರ್ಷವೇ ಅದು ಹೆಸರು ಬದಲಿಸಿಕೊಂಡು ವಾಪಸು ಬಂತು. ನನಗೆ ಅದರ ಗುಂಡಿನ ಸದ್ದಿನ ಬಗ್ಗೆ ತಕರಾರಿಲ್ಲ. ಮಾತಿಲ್ಲದ ಯುದ್ಧದ ಬಗ್ಗೆ ಇದೆ. ಕುಮಟಾ-ಹೊನ್ನಾವರದ ನಾವು ಯಕ್ಷಗಾನ ನೋಡಿ ಬೆಳೆದವರು. ಗುಣವಂತೆಯ ಹತ್ತಿರ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ್ದು 1934ರಲ್ಲಿ. ನಮ್ಮಲ್ಲಿ ಕರ್ಣನನ್ನು ಕೊಲ್ಲಬೇಕಾದರೆ ಅರ್ಜುನ ಮೊದಲು ಅವನ ಕುಲ, ಗುರು, ಶಾಪ ಎಲ್ಲದರ ಲೆಕ್ಕ ತೆಗೆಯಬೇಕು. ಕರ್ಣ ಎಲ್ಲಕ್ಕೂ ಉತ್ತರ ಕೊಡಬೇಕು. ತಾಳಮದ್ದಳೆಯಾದರಂತೂ ಬಾಣ ಬಿಡುವ ಮೊದಲೇ ಬೆಳಗಾಗುವುದುಂಟು. ಪಬ್‌ಜಿಯಲ್ಲೋ, ಬೇಲಿ ಹಿಂದೆ ಅಡಗಿದವನು ಯಾರ ಮಗನೆಂದು ಕೂಡಾ ವಿಚಾರಿಸದೆ ಹೊಡೆಯುತ್ತಾರೆ. ಇದೆಂಥ ಸಂಸ್ಕಾರ!

ಮಾತಿಗೆ ನಮ್ಮಲ್ಲಿ ಬರವಿಲ್ಲ. ಸಂತೆಯಲ್ಲಿ ಮೊಗೆಕಾಯಿ, ಮುರುಗಲು ಇಟ್ಟುಕೊಂಡ ಹಾಲಕ್ಕಿ ಹೆಂಗಸು ತನ್ನ ಕನ್ನಡದಲ್ಲಿ ದರ ಹೇಳುತ್ತಾಳೆ, ಹವ್ಯಕರ ಹೆಗಡೆ ತನ್ನ ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ, ಪಕ್ಕದಲ್ಲಿ ಒಬ್ಬರು ಕೊಂಕಣಿಯಲ್ಲಿ ಗೊಣಗುತ್ತಾರೆ, ಭಟ್ಕಳದ ಕಡೆಯವರು ನವಾಯತಿಯಲ್ಲಿ ಹೆಂಡತಿಯ ಅಭಿಪ್ರಾಯ ಕೇಳುತ್ತಾರೆ. ಯಾರೂ ಭಾಷೆ ಬಿಟ್ಟುಕೊಡುವುದಿಲ್ಲ. ದರ ಮಾತ್ರ ಸ್ವಲ್ಪ ಇಳಿಯುತ್ತದೆ. ಇಂಥ ಊರಿನ ಮಾಣಿ ಗೇಮ್ ಹಿಡಿದೊಡನೆ ಹಿಂದಿಯಲ್ಲಿ "ಭಾಯ್, ಪೀಛೇ!" ಎಂದು ಕೂಗುತ್ತಾನೆ. ಶಾಲೆಯ ಹಿಂದಿ ಪರೀಕ್ಷೆಯಲ್ಲಿ ಅವನಿಗೆ ಬಿದ್ದ ಅಂಕ ಹೇಳಿದರೆ ಸಿಟ್ಟು ಮಾಡುತ್ತಾನೆ, ಬೇಡ.

ಮರೆತಿದ್ದೆ, ಎರಡೂ ಕೈ ಬೇಡುವ ಹಣ್ಣು ಇನ್ನೊಂದಿದೆ: ಅಂಕೋಲೆಯ ಕರಿ ಈಶಾಡು ಮಾವು. ರಸ ಮೊಣಕೈಗೆ ಇಳಿಯದಿದ್ದರೆ ಅದು ಈಶಾಡಲ್ಲ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿತು. ತಿನ್ನಬೇಕೆಂದಿದ್ದರೆ ಮೇ ತಿಂಗಳಲ್ಲಿ ನೀವೇ ಬನ್ನಿ. ಕೊರಿಯರ್ ಮಾಡಿ ಅನ್ನಬೇಡಿ. ಸಿಪ್ಪೆ ಬಹಳ ತೆಳು, ಬೆಂಗಳೂರು ಮುಟ್ಟುವವರೆಗೆ ತಡೆಯುವುದಿಲ್ಲ.