ಪುಸ್ತಕದ ವಸ್ತಿ ಗಾಡಿ

ಬಸ್ಸಿಗೂ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಸೋದರಮಾವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ: "ಬಸ್ಸು ಹೋದ್ರ ಡಿಪೋಕ್ಕ ಹೊಳ್ಳಿ ಬರ್ತೈತಿ. ಗ್ರಂಥಾಲಯದ ಪುಸ್ತಕ ಹೋದ್ರ ಹೋತು."

ಮಾವ ಮಾತಾಡುವುದಕ್ಕೆ ಅರ್ಹರು. ಸಾರಿಗೆ ಸಂಸ್ಥೆಯಲ್ಲಿ ಶೆಡ್ಯೂಲ್ ಹಾಕುವ ಕೆಲಸ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಯಾವ ಗಾಡಿ ಎಷ್ಟಕ್ಕೆ ಬಿಡಬೇಕು, ಎಲ್ಲಿ ಊಟ, ಎಲ್ಲಿ ವಸ್ತಿ ಎಂಬುದರ ಹೊರತು ಅವರಿಗೆ ಬೇರೆ ತತ್ತ್ವಶಾಸ್ತ್ರವಿಲ್ಲ. ನಿವೃತ್ತಿಯಾದರೂ ಚಟ ಹೋಗಿಲ್ಲ. ಮದುವೆಗೆ ಬಂದರೂ ಮೂಲೆಯ ಕುರ್ಚಿ ಹಿಡಿದು ಲೆಕ್ಕ ಹಾಕುತ್ತಾರೆ: ಅಕ್ಕಿಕಾಳಿಗೆ ಅರ್ಧ ಲೋಡ್, ಊಟಕ್ಕೆ ಓವರ್‌ಲೋಡ್, ಆಹೇರ ಮಾಡುವ ಹೊತ್ತಿಗೆ ಖಾಲಿ ಗಾಡಿ.

ಅಂಥವರ ಕಿವಿಗೆ ನಾನು ಗ್ರಂಥಾಲಯದ ಸುದ್ದಿ ಹಾಕಬಾರದಿತ್ತೋ ಏನೋ. ನಮ್ಮ ಕಡೆಯ ಒಂದು ಗ್ರಂಥಾಲಯದಲ್ಲಿ ನಾನೊಂದು ಪುಸ್ತಕ ಕೇಳಿದ್ದೆ. ಅದು ಬೇರೆ ತಾಲ್ಲೂಕಿನ ಶಾಖೆಯಲ್ಲಿದೆ ಎಂದರು. ತರಿಸಿ ಕೊಡುತ್ತೀರಾ ಎಂದೆ. ಕೌಂಟರಿನಲ್ಲಿದ್ದವರು ಕನ್ನಡಕ ತೆಗೆದು ನನ್ನನ್ನು ನೋಡಿ, ಬಹಳ ಸೌಜನ್ಯದಿಂದ, "ನೀವ ಹೋಗಿ ಓದಿ ಬರ್ರಿ ಸರ, ತಾಸಿಗೊಂದು ಬಸ್ ಅದಾವಲ್ಲ" ಎಂದರು. ಇದನ್ನು ಹೇಳಿದ ದಿನವೇ ಮಾವ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನ ಮೇಲೆ ಗದಗ ಜಿಲ್ಲೆಯ ನಕ್ಷೆ ಬರೆದರು. ಓದುಗನೇ ಬಸ್ ಹತ್ತಬಹುದಾದರೆ ಪುಸ್ತಕ ಯಾಕೆ ಹತ್ತಬಾರದು ಎಂಬುದು ಅವರ ಪ್ರಶ್ನೆ.

ಗದಗ ಮತ್ತು ಬೆಟಗೇರಿಯ ನಡುವೆ ಅವರು ಗೆರೆಯನ್ನೇ ಎಳೆಯಲಿಲ್ಲ. "ಅದಕ್ಕ ಗಾಡಿ ಯಾಕ? ಸೈಕಲ್ ಸಾಕು." ಬೆಟಗೇರಿಯ ನೇಕಾರರ ಸೀರೆ ಗಂಟುಗಳು ಎಲ್ಲೆಲ್ಲಿಗೋ ಹೋಗಿ ಮುಟ್ಟಿರುವಾಗ ನಾಲ್ಕು ಪುಸ್ತಕಕ್ಕೆ ಚಿಂತೆಯೇನು ಎಂಬ ಧೋರಣೆ. ತೊಡಕು ಶುರುವಾದದ್ದು ಊರು ದಾಟಿದ ಮೇಲೆ. ಗದಗಿನಿಂದ ಡಂಬಳದ ಮೇಲೆ ಹಾದು ಮುಂಡರಗಿಗೆ ಒಂದು ದಾರಿ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಗೆ ಇನ್ನೊಂದು. ನಡುವೆ ಕಪ್ಪತಗುಡ್ಡ, ಬೆನ್ನ ತುಂಬ ಗಾಳಿಯಂತ್ರ ಹೊತ್ತುಕೊಂಡು ಅಡ್ಡ ಮಲಗಿದೆ. ಮುಂಡರಗಿಯ ಪುಸ್ತಕ ಶಿರಹಟ್ಟಿಗೆ ಹೋಗಬೇಕೆಂದರೆ ಗುಡ್ಡ ಬಳಸಬೇಕು, ಇಲ್ಲವೇ ಗದಗಿಗೆ ಬಂದು ಗಾಡಿ ಬದಲಿಸಬೇಕು.

ಗುಡ್ಡ ಬಳಸದೆ ಹೋಗುವವರೂ ಇದ್ದಾರೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಹಾರಿ ಬಂದು ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣದ ಗೌರವವೂ ಸಿಕ್ಕಿತು. ಇಷ್ಟು ದೂರದಿಂದ ಬಂದು, ಬೇಸಿಗೆ ಹತ್ತಿರವಾಗುತ್ತಲೇ ಯಾರೂ ನೋಟಿಸ್ ಕೊಡದೆ ಹೊರಟುಹೋಗುವ ಈ ಅತಿಥಿಗಳ ಬಗ್ಗೆ ಮಾವನಿಗೆ ಅಪಾರ ಗೌರವ. "ವಾಪಸ್ಸಾತಿ ಅಂದ್ರ ಹಿಂಗಿರಬೇಕು ನೋಡು" ಎನ್ನುತ್ತಾರೆ. ನನ್ನ ಕಪಾಟಿನಲ್ಲಿರುವ ಒಂದೆರಡು ಗ್ರಂಥಾಲಯ ಮುದ್ರೆಯ ಪುಸ್ತಕಗಳ ಕಡೆ ಅವರ ದೃಷ್ಟಿ ಹೊರಳುವ ಮುಂಚೆ ನಾನು ಚಹಾಕ್ಕೆ ಹೇಳುತ್ತೇನೆ.

ಇವತ್ತು ಗುಡ್ಡವೊಂದೇ ಅಡ್ಡ. ನೂರು ವರ್ಷದ ಹಿಂದೆ ಈ ಶೆಡ್ಯೂಲ್ ಹಾಕಿದ್ದರೆ ಸಂಸ್ಥಾನಗಳನ್ನೇ ದಾಟಬೇಕಿತ್ತು. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿಯವರ ಕೈಯಲ್ಲಿ, ಲಕ್ಷ್ಮೇಶ್ವರ ಮಿರಜದವರ ಕೈಯಲ್ಲಿ. ಮುಂಡರಗಿಯ ಆಚೆ ನಾಲ್ಕು ಹೆಜ್ಜೆ ಹೋದರೆ ನಿಜಾಮರ ಸೀಮೆ. ಪುಲಿಗೆರೆ ಎಂಬ ಹೆಸರಿನಲ್ಲಿ ಕವಿರಾಜಮಾರ್ಗದ ಕಾಲಕ್ಕೇ ತಿರುಳುಗನ್ನಡದ ಸೀಮೆಗೆ ಸೇರಿದ್ದ ಲಕ್ಷ್ಮೇಶ್ವರಕ್ಕೆ ಕನ್ನಡ ಪುಸ್ತಕ ಒಯ್ಯಲು ಸಂಸ್ಥಾನದ ಗಡಿ ದಾಟಬೇಕಾದ ಕಾಲ ಅದು. ಹಾಗಿದ್ದೂ ಪುಸ್ತಕ ತಿರುಗಾಡುತ್ತಿದ್ದವು. ಪಕ್ಕದ ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಲೇಖಕ, ಪ್ರಕಾಶಕ, ಹಮಾಲ ಮೂರೂ ಒಬ್ಬರೇ. ಇದನ್ನು ಹೇಳಿದಾಗ ಮಾವ ಒಂದು ಕ್ಷಣ ಸುಮ್ಮನಿದ್ದು, "ಹೋಗುವಾಗ ಫುಲ್ ಲೋಡ್, ಬರುವಾಗ ಖಾಲಿ ತಲಿ. ಛಲೋ ಟ್ರಿಪ್" ಎಂದರು.

ಸಂಸ್ಥಾನಗಳ ಮಾತು ಬಂದದ್ದಕ್ಕೆ ಬರೋಡಾದ್ದನ್ನೂ ಹೇಳಬೇಕು. ಸಯಾಜಿರಾವ್ ಗಾಯಕವಾಡರು 1910ರಲ್ಲಿ ಬೋರ್ಡೆನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಕರೆಸಿ ಗ್ರಂಥಾಲಯಗಳ ಬಲೆಯನ್ನೇ ಹೆಣೆಸಿದರು. ಅದರಲ್ಲಿ ನನಗೆ ಮೆಚ್ಚಿಕೆಯಾದದ್ದು ದೊಡ್ಡ ಕಟ್ಟಡವಲ್ಲ, ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಹಳ್ಳಿಗೆ ಕಳಿಸುವುದು, ಓದಿ ಮುಗಿದ ಮೇಲೆ ವಾಪಸು ತರಿಸುವುದು. ಓದುಗನಿಗೆ ಸಾಗಣೆಯ ಖರ್ಚಿಲ್ಲ. ಸಾಂಗಲಿ, ಮಿರಜದ ರಾಜರೂ ಹೀಗೊಂದು ಪೆಟ್ಟಿಗೆ ನಮ್ಮ ಕಡೆ ಕಳಿಸಿದ್ದರೆ ಮಾವನ ಕೆಲಸ ಅರ್ಧ ಮುಗಿದಿರುತ್ತಿತ್ತು.

ಈಗ ರಾಜರಿಲ್ಲ, ಕಾನೂನಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪುಣ್ಯದಿಂದ ನಾವು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಬೆಟಗೇರಿಯ ಓಣಿಯಲ್ಲಿ ಜನ್ಮದಲ್ಲಿ ಪುಸ್ತಕ ಮುಟ್ಟದವರೂ ಕಟ್ಟುತ್ತಾರೆ. ಈ ವಿಷಯ ಗೊತ್ತಾದರೆ ಎಲ್ಲಿ ಬಂದು ಜಗಳಕ್ಕೆ ನಿಲ್ಲುತ್ತಾರೋ ಎಂದು ನಾನು ಯಾರಿಗೂ ಹೇಳಲು ಹೋಗಿಲ್ಲ. ಹಣದ ಒಂದು ಪಾಲು ಪುಸ್ತಕಗಳ ಸಗಟು ಖರೀದಿಗೆ ಹೋಗುತ್ತದೆ. ಗದಗ ಅಚ್ಚುಕೂಟಗಳ ಊರು. ತೋಂಟದಾರ್ಯ ಮಠವೊಂದೇ ನೂರಾರು ಪುಸ್ತಕ ಹೊರತಂದಿದೆ. ಇಲ್ಲಿ ಅಚ್ಚಾದ ಪುಸ್ತಕದ ಪ್ರತಿ ಅರ್ಜಿಯ ಜೊತೆ ಬೆಂಗಳೂರಿಗೆ ಹೋಗಿ, ಆಯ್ಕೆ ಸಮಿತಿಯ ಕಣ್ಣಿಗೆ ಬಿದ್ದು, ಪುಣ್ಯವಿದ್ದರೆ ಗದಗಿನ ಗ್ರಂಥಾಲಯಕ್ಕೇ ವಾಪಸು ಬಂದು ಸೇರುತ್ತದೆ. ಮಾವನ ಭಾಷೆಯಲ್ಲಿ ಇದಕ್ಕೆ ಡೆಡ್ ಕಿಲೋಮೀಟರ್ ಎನ್ನುತ್ತಾರೆ. ಪ್ರಯಾಣಿಕರಿಲ್ಲದೆ ಗಾಡಿ ಓಡುವ ದೂರ. ಅದರ ಹೆಸರೆತ್ತಿದರೂ ಅವರಿಗೆ ಹೊಟ್ಟೆಯುರಿ.

ಹೀಗೆ ಕೊಳ್ಳುವುದು ಸಾಮಾನ್ಯವಾಗಿ ಒಂದು ಶೀರ್ಷಿಕೆಗೆ 300 ಪ್ರತಿ. ಕನ್ನಡದ ಲೇಖಕನಿಗೆ ಇದು ದೀಪಾವಳಿ. ಆದರೆ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ ಐದು ಸಾವಿರಕ್ಕೂ ಹೆಚ್ಚು. 2019ರಿಂದ ಅವು ಗ್ರಾಮೀಣಾಭಿವೃದ್ಧಿ ಇಲಾಖೆಯ ಮಡಿಲಿಗೆ ಹೋಗಿ ಈಗ ಅರಿವು ಕೇಂದ್ರಗಳಾಗಿವೆ, ಅವುಗಳ ಪುಸ್ತಕದ ದಾರಿಯೇ ಬೇರೆ. ಇರಲಿ, ಲೆಕ್ಕಕ್ಕೆ ಹಿಡಿಯೋಣ. 300 ಪ್ರತಿಯನ್ನು ಅಷ್ಟೂ ಹಳ್ಳಿಗೆ ಹಂಚಿದರೆ ಹದಿನಾರು ಹದಿನೇಳು ಊರಿಗೆ ಒಂದು ಪುಸ್ತಕ. ಹಾಳೆ ಹರಿದು ಹಂಚಲಾಗದು. ಉಳಿದ ದಾರಿ ಒಂದೇ, ಇದ್ದ ಪ್ರತಿ ಊರಿನಿಂದ ಊರಿಗೆ ತಿರುಗಬೇಕು. ನಮ್ಮಲ್ಲಿ ಪುಸ್ತಕ ಕಮ್ಮಿ ಎಂದು ಅಳುವವರೇ ಎಲ್ಲ. ಇರುವ ಪುಸ್ತಕ ಕೂತಲ್ಲೇ ಕೂತಿವೆ ಎಂಬುದಕ್ಕೆ ಅಳುವವರು ನನಗೆ ಕಂಡದ್ದು ಮಾವ ಒಬ್ಬರೇ.

ಎಲ್ಲವೂ ಕೂತಿರುವುದಿಲ್ಲ, ನಿಜ. ಬೆಳಗಿನ ಪತ್ರಿಕೆಗಳು ಹುಬ್ಬಳ್ಳಿಯಿಂದ ನಸುಕಿನಲ್ಲೇ ಬಂದು ಬೀಳುತ್ತವೆ. ಅವುಗಳ ಶಿಸ್ತು ನೋಡಿದರೆ ಸಾಗಣೆ ನಮಗೆ ಬಾರದ ವಿದ್ಯೆಯೇನಲ್ಲ. ಇನ್ನು ಪಿಡಿಒ, ಪೊಲೀಸ್, ಎಫ್‌ಡಿಎ ಯಾವುದಕ್ಕಾದರೂ ಅಧಿಸೂಚನೆ ಬಂತೆಂದರೆ ಸಾಮಾನ್ಯ ಜ್ಞಾನದ ಪುಸ್ತಕಗಳಿಗೆ ಮೈತುಂಬ ಕೈ. ಕಾದಂಬರಿಗಳು ಮೇಲಿನ ಅರೆಯಿಂದ ಮಿಕಿಮಿಕಿ ನೋಡುತ್ತವೆ. "ಅದು ಜಾತ್ರಿ ಸ್ಪೆಷಲ್ ಇದ್ದಂಗ. ಜಾತ್ರಿಗೆ ನೂರು ಗಾಡಿ ಬಿಡಬೇಕು, ಖರೆ. ಹಂಗಂತ ದಿನಾ ಓಡೂ ಗಾಡಿ ನಿಲ್ಲಿಸಿದ್ರ ಮಂದಿ ಕಲ್ಲು ಒಗೀತಾರ" ಎಂದರು ಮಾವ. ಕಾದಂಬರಿ ಓದುವವರು ಕಲ್ಲೊಗೆಯುವವರಲ್ಲ, ಅದೇ ತಪ್ಪಾಗಿದೆ ಎಂದೆ.

ಕೊನೆಗೆ ಮಾವನ ಯೋಜನೆ ಹೊರಬಿತ್ತು. ಅದರ ಜೀವಾಳ ವಸ್ತಿ ಗಾಡಿ. ಸಂಜೆ ತಾಲ್ಲೂಕಿನಿಂದ ಹೊರಟು ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಕಾಲೇಜಿನ ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ತುಂಬಿಕೊಂಡು ಬರುವ ಬಸ್ಸು. ಒಂದು ಡಬ್ಬಿಯಲ್ಲಿ ನಲವತ್ತು ಪುಸ್ತಕ, ಹತ್ತು ಹನ್ನೆರಡು ಕಿಲೋ. ರಾತ್ರಿ ಹೊಸ ಡಬ್ಬಿ ಇಳಿಯಬೇಕು, ಬೆಳಿಗ್ಗೆ ಹಳೆಯದು ಹತ್ತಬೇಕು. ಆದರೆ ಹಳೆಯದು ಗದಗಿಗೆ ಹೋಗಬಾರದು. ತಾಲ್ಲೂಕಿನ ನಿಲ್ದಾಣದಲ್ಲೇ ಗಾಡಿ ಬದಲಿಸಿ ಮುಂದಿನ ಊರಿಗೆ ಹೋಗಬೇಕು. ಅಂಚೆಯವರು 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ತಂದಿದ್ದಾರಲ್ಲ, ಐದು ಕಿಲೋಕ್ಕೆ ನೂರು ರೂಪಾಯಿ, ಅದಾಗದೇ ಎಂದೆ. "ಒಂದು ಡಬ್ಬಿಗೆ ಮೂರು ಪಾರ್ಸಲ್, ಮುನ್ನೂರು ರೂಪಾಯಿ. ಹೆಂಗೂ ಓಡೂ ಗಾಡಿಯೊಳಗ ಡ್ರೈವರ್ ಸೀಟಿನ ಹಿಂದ ಜಾಗಾ ಖಾಲಿ ಇರ್ತೈತಿ" ಎಂದು ತಳ್ಳಿಹಾಕಿದರು.

ಈ ನಕ್ಷೆಯನ್ನು ಗ್ರಂಥಾಲಯದಿಂದ ನಿವೃತ್ತರಾದ ಗೆಳೆಯರೊಬ್ಬರ ಮುಂದೆ ಹಿಡಿದೆವು. ಅವರು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು. "ದಾರ್‍ಯಾಗ ಒಂದು ಪುಸ್ತಕ ಕಳದ್ರ ಯಾರ ಪಗಾರದಾಗ ಹಿಡೀಬೇಕ್ರಿ?"

ಎಲ್ಲದರ ಬೇರು ಅಲ್ಲಿದೆ ಎಂದು ನನಗನ್ನಿಸಿದ್ದು ಆಗಲೇ. ಮಾವನ ಲೆಕ್ಕದಲ್ಲಿ ಪುಸ್ತಕ ಪ್ರಯಾಣಿಕ. ರಿಜಿಸ್ಟರಿನ ಲೆಕ್ಕದಲ್ಲಿ ಅದು ಕುರ್ಚಿ, ಟೇಬಲ್, ಫ್ಯಾನಿನ ಸಾಲಿನ ಆಸ್ತಿ. ಆಕ್ಸೆಷನ್ ನಂಬರ್ ಬಿದ್ದ ಗಳಿಗೆಯಿಂದ ಅದರ ಕಾಲಿಗೆ ಮೊಳೆ. ಆಡಿಟ್‌ಗೆ ಬಂದವರು ಎಷ್ಟು ಜನ ಓದಿದರು ಎಂದು ಕೇಳುವುದು ಅಪರೂಪ, ಎಷ್ಟು ಇವೆ ಎಂದು ಕೇಳುವುದು ಖಾಯಂ. ಪುಸ್ತಕ ಇರುವುದು ಬಳಕೆಗೆ ಎಂದು ಗ್ರಂಥಾಲಯ ವಿಜ್ಞಾನದ ರಂಗನಾಥನ್ 1931ರಲ್ಲೇ ಮೊದಲ ಸೂತ್ರವಾಗಿ ಬರೆದಿಟ್ಟರು. ಆ ಮನುಷ್ಯ ಕೊನೆಗಾಲದಲ್ಲಿ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ. ಸೂತ್ರ ಅಲ್ಲಿಂದ ಗದಗಿಗೆ ಬರುವ ಗಾಡಿ ಎಲ್ಲಿ ಪಂಕ್ಚರ್ ಆಯಿತೋ.

"ಕಳೀಲಿ ಬಿಡ್ರಿ. ಬಸ್ಸಿನ್ಯಾಗ ಟಿಕೀಟ್ ಇಲ್ದ ಹತ್ತಾವ್ರು ಇರ್ತಾರ. ಹಂಗಂತ ನಾವು ಗಾಡಿ ಬಿಡೂದು ಬಿಟ್ಟೇವೇನು?" ಎಂದರು ಮಾವ.

ಗೆಳೆಯರು ನಕ್ಕರು. ನಕ್ಕರೂ ಬಿಡಲಿಲ್ಲ, ನಕ್ಷೆಯ ಮೇಲೆ ಬೆರಳಿಟ್ಟರು. "ಎಲ್ಲಾ ಛಲೋ ಐತ್ರಿ. ಆದ್ರ ಸೋಮವಾರ ಗ್ರಂಥಾಲಯಕ್ಕ ರಜೆ. ಅವತ್ತ ನಿಮ್ಮ ಡಬ್ಬಿ ಯಾರ ಇಳಿಸಿಕೋಬೇಕು?"

ಮಾವ ಪೆನ್ನಿನ ಟೊಪ್ಪಿಗೆ ತೆಗೆದು, ಸೋಮವಾರದ ಮುಂದೆ 'ಬಸ್‌ಸ್ಟ್ಯಾಂಡ್ ಚಹಾದಂಗಡಿ' ಎಂದು ಬರೆದರು.

"ಅಂವಾ ಡಬ್ಬಿ ಬಿಚ್ಚಿ ಓದಾಕ ಹತ್ತಿದ್ರ?"

"ಹತ್ತಲಿ. ಎರಡು ಪುಸ್ತಕ ಶಾರ್ಟ್ ಅಂತ ಮೊದಲ ಹಿಡದೇನಿ."