ಭಾವನವರ ಬಿಲ್ಲೆಗಳು

ನಮ್ಮ ಭಾವನವರು ಯಾರ ಕಾರನ್ನೇ ಹತ್ತಲಿ, ಕುಳಿತ ಮರುಕ್ಷಣ ಅವರ ದೃಷ್ಟಿ ಹರಿಯುತ್ತಿದ್ದುದು ಹಾಡಿನ ಪೆಟ್ಟಿಗೆಯ ಆ ಸಪೂರವಾದ ಸೀಳಿನ ಕಡೆಗೆ, ಊಟಕ್ಕೆಂದು ಕರೆದ ಮನೆಯಲ್ಲಿಯೂ ಮಕ್ಕಳ ನಾಲಗೆ ನೋಡದೆ ಎಲೆಯ ಮುಂದೆ ಕೂರಲಾರದ ಹಳೆಯ ಕಾಲದ ವೈದ್ಯರಂತೆ, ಆ ಸೀಳನ್ನೊಮ್ಮೆ ಬಗ್ಗಿ ನೋಡಿ, “ಇದು ಸಿ.ಡಿ. ಸರಿಯಾಗಿ ತಗೊಳ್ಳುತ್ತಾ?” ಎಂದು ವಿಚಾರಿಸಿದ ಮೇಲೆಯೇ ಅವರು ಕಾರಿನ ಒಡೆಯನ ಕ್ಷೇಮಸಮಾಚಾರಕ್ಕೆ ಬರುತ್ತಿದ್ದರು. “ತಗೊಳ್ಳುತ್ತೆ” ಎಂಬ ಉತ್ತರ ಬಂದರೆ ಮುಖ ಕೊಂಚ ಬಾಡುತ್ತಿತ್ತು. “ಒಂದೊಂದು ಸಲ ತಗೊಳ್ಳಲ್ಲ” ಎಂದರೋ, ಜುಬ್ಬದ ತೋಳು ತಾನಾಗಿ ಮೇಲೇರುತ್ತಿತ್ತು.

ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಬೆಂಗಳೂರಿನ ಪ್ರತಿಯೊಂದು ಬಳಗದಲ್ಲಿಯೂ ಇಂಥವರೊಬ್ಬರಿದ್ದರು. ಮನೆಗೆ ಕಂಪ್ಯೂಟರು ಬಂದಿತ್ತು, ಅದರ ಹೊಟ್ಟೆಯಲ್ಲಿ ಸಿ.ಡಿ. ಬರೆಯುವ ಯಂತ್ರವೂ ಬಂದಿತ್ತು, ಎಸ್.ಪಿ. ರಸ್ತೆಯಲ್ಲಿ ಐವತ್ತು ಖಾಲಿ ಬಿಲ್ಲೆಗಳನ್ನು ದೋಸೆಯಂತೆ ಒಂದರ ಮೇಲೊಂದು ಪೇರಿಸಿದ ಡಬ್ಬಿಗಳು ಯಥೇಚ್ಛವಾಗಿ ಸಿಗುತ್ತಿದ್ದವು. ಹೀಗಿರಲು, ಸ್ವಭಾವತಃ ದುರಸ್ತಿಪ್ರಿಯನಾದ ಗೃಹಸ್ಥನು ಸುಮ್ಮನೆ ಕುಳಿತಿರುವುದು ಸಾಧ್ಯವಿತ್ತೆ? ಬರೆಯುವುದೆಂದೆನಲ್ಲ, ಅದಕ್ಕೆ ಅವರ ಪರಿಭಾಷೆ ಬೇರೆ. “ಒಂದು ಸಿ.ಡಿ. ಬರ್ನ್ ಮಾಡಿದೆ ಕಣೇ” ಎಂದು ಭಾವನವರು ಮೊದಲ ಸಲ ಘೋಷಿಸಿದಾಗ ಅಕ್ಕ ಹಾಲಿನ ಪಾತ್ರೆಯನ್ನು ಹಾಗೆಯೇ ಬಿಟ್ಟು ಓಡಿಬಂದು, ಕೋಣೆಯಲ್ಲಿ ಹೊಗೆಯ ವಾಸನೆ ಹಿಡಿದು, ಏನೂ ಸುಟ್ಟಿಲ್ಲವೆಂದು ಖಚಿತವಾದ ಮೇಲೆ ತಿರುಗಿ ಹೋಗುವಷ್ಟರಲ್ಲಿ ಹಾಲು ಉಕ್ಕಿ, ಸುಡುವುದೆಂಬ ಆ ಮಾತನ್ನು ಒಲೆಯ ಮೇಲೆ ನಿಜಮಾಡಿತ್ತು. ಅವರು ಬಳಸುತ್ತಿದ್ದ ತಂತ್ರಾಂಶದ ಹೆಸರು ನೀರೋ. ಪೂರ್ತಿ ಹೆಸರು ‘ನೀರೋ ಬರ್ನಿಂಗ್ ರೋಮ್’. ರೋಮ್ ನಗರ ಉರಿಯುತ್ತಿರುವಾಗ ಪಿಟೀಲು ಬಾರಿಸುತ್ತಿದ್ದನೆಂದು ಐತಿಹ್ಯವಿರುವ ಚಕ್ರವರ್ತಿಯ ಹೆಸರನ್ನು ಹಾಡು ಸುಡುವ ಉಪಕರಣಕ್ಕೆ ಇಟ್ಟ ಜರ್ಮನರ ವಿನೋದಪ್ರಜ್ಞೆಯನ್ನು ನಾನು ಮೆಚ್ಚಿ ಮಾತನಾಡಿದರೆ, ಭಾವನವರು, “ಅದಿರಲಿ, ಸ್ಪೀಡು ಎಷ್ಟಕ್ಕೆ ಇಡಬೇಕು ಗೊತ್ತೇನು?” ಎಂದು ಮುಖ್ಯವಿಷಯಕ್ಕೆ ಬರುತ್ತಿದ್ದರು.

ಅವರ ಸಂಪತ್ತೆಂದರೆ ಹಳೆಯ ಕ್ಯಾಸೆಟ್ಟುಗಳು: ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಆಕಾಶವಾಣಿಯಿಂದ ತಾವೇ ಹಿಡಿದಿಟ್ಟ ಕೆಲವು ಕಚೇರಿಗಳು. ಒಂದು ತಂತಿಯ ತುದಿಯನ್ನು ಟೇಪ್‌ರೆಕಾರ್ಡರಿಗೂ ಇನ್ನೊಂದನ್ನು ಕಂಪ್ಯೂಟರಿಗೂ ಚುಚ್ಚಿ, ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಅರವತ್ತು ನಿಮಿಷವೂ ಕುಳಿತು ಕೇಳಿ ಒಳಗೆ ಇಳಿಸಿಕೊಂಡು, ಅನಂತರ ಅದನ್ನು ಬಿಲ್ಲೆಗೆ ಏರಿಸುವರು. ಪ್ರತಿಯೊಂದು ಬಿಲ್ಲೆಯ ವೃತ್ತಾಂತವನ್ನೂ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು: ಕ್ರಮಸಂಖ್ಯೆ, ದಿನಾಂಕ, ಸುಟ್ಟ ವೇಗ, ತಳದ ಬಣ್ಣ ಹಸಿರೋ ನೀಲಿಯೋ, ಕೊನೆಯ ಅಂಕಣದಲ್ಲಿ ‘ಫಲ’. ಆ ಫಲದ ಅಂಕಣದಲ್ಲಿ ನಾನು ಅತ್ಯಧಿಕವಾಗಿ ಕಂಡ ಷರಾ ‘ಮನೆಯಲ್ಲಿ ಉತ್ತಮ, ಕಾರಿನಲ್ಲಿ ಇಲ್ಲ’ ಎಂಬುದು.

ಜ್ಞಾನಕ್ಕೇನೂ ಕೊರತೆಯಿರಲಿಲ್ಲವೆಂಬುದನ್ನು ನಾನು ಒಪ್ಪಲೇಬೇಕು. ಸಿ.ಡಿ.ಯನ್ನು ಗ್ರಾಮಫೋನ್ ತಟ್ಟೆಯಂತೆ ಹೊರಗಿನಿಂದ ಒಳಕ್ಕಲ್ಲ, ಒಳಗಿನಿಂದ ಹೊರಕ್ಕೆ ಓದಬೇಕೆಂಬುದನ್ನೂ, ಓದುವ ಲೇಸರ್ ಕಿರಣ 780 ನ್ಯಾನೋಮೀಟರಿನದಾದ್ದರಿಂದ ಅವಗೆಂಪಿಗೆ ಸೇರಿ ಕಣ್ಣಿಗೆ ಕಾಣದೆಂಬುದನ್ನೂ, ಹನ್ನೆರಡು ಸೆಂಟಿಮೀಟರಿನ ಆ ಬಿಲ್ಲೆಯ ಮೇಲೆ ಸುರುಳಿ ಸುತ್ತಿರುವ ಗೆರೆಯನ್ನು ಬಿಚ್ಚಿ ಎಳೆದರೆ 5 ಕಿಲೋಮೀಟರಿಗೂ ಮಿಗುವುದೆಂಬುದನ್ನೂ ಎಂ.ಎ. ಪದವೀಧರನಾದ ನಾನು ಕಲಿತದ್ದು ಅವರಿಂದಲೇ. “ಗಾಂಧಿಬಜಾರಿಂದ ಮೆಜೆಸ್ಟಿಕ್ ಮುಟ್ಟುತ್ತೆ ಕಣಯ್ಯಾ!” ಎನ್ನುವಾಗ ಅವರ ಕಣ್ಣಿನಲ್ಲಿ ತಾವೇ ಆ ಗೆರೆಯನ್ನು ಹಾಸಿ ಬಂದವರ ತೃಪ್ತಿಯಿರುತ್ತಿತ್ತು. ಬಿಲ್ಲೆಯನ್ನು ಒರೆಸುವುದಕ್ಕೂ ಶಾಸ್ತ್ರವಿತ್ತು. ಕೆಳಗಿನ ಮುಖಕ್ಕೆ ಬಾಯಿಂದ ಹಬೆ ಕೊಡಬಹುದು, ಊದಕೂಡದು. ಪಂಚೆಯ ಒಗೆದ ಅಂಚಿನಿಂದ ನಡುವಿನ ತೂತಿನಿಂದ ಅಂಚಿಗೆ, ಸೂರ್ಯನ ಕಿರಣ ಬರೆದಂತೆ, ನೆಟ್ಟಗೆ ಎಳೆಯಬೇಕು. ತಟ್ಟೆ ತೊಳೆಯುವಂತೆ ಸುತ್ತ ತಿರುಗಿಸಿ ಉಜ್ಜಿದರೆ ಗೀರು ಗೆರೆಯ ಜೊತೆಜೊತೆಗೇ ಓಡುವುದರಿಂದ ಯಂತ್ರವು ಕಳೆದುಹೋದ ಅಕ್ಷರವನ್ನು ಊಹಿಸಿಕೊಳ್ಳಲಾರದು. ಅವರು ಹೀಗೆ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸೂಕ್ಷ್ಮವಾಗಿ ಒರೆಸುವಾಗ ಬಿಲ್ಲೆಯಿಂದ ಚಿಮ್ಮಿದ ಕಾಮನಬಿಲ್ಲು ಅವರ ಕನ್ನಡಕದ ಮೇಲೆ ಆಡುತ್ತಿತ್ತು. ನೋಡಲು ಚೆನ್ನಾಗಿತ್ತು, ಹಾಡು ಮಾತ್ರ ಬರುತ್ತಿರಲಿಲ್ಲ.

2005ರ ಮೇ ತಿಂಗಳಿನಲ್ಲಿ ನನ್ನ ಪುಟ್ಟ ಹಳೆಯ ಕಾರಿನಲ್ಲಿ ನಾವು ಧರ್ಮಸ್ಥಳಕ್ಕೆ ಹೊರಟೆವು. ಹಿಂದೆ ಅಕ್ಕ, ನನ್ನ ಹೆಂಡತಿ, ಅವರಿಬ್ಬರ ನಡುವೆ ಕೋಡುಬಳೆಯ ಡಬ್ಬ; ಮುಂದೆ ನನ್ನ ಪಕ್ಕದಲ್ಲಿ ಭಾವನವರು, ಅವರ ತೊಡೆಯ ಮೇಲೆ ಪ್ರಯಾಣಾರ್ಥವಾಗಿಯೇ ಸುಟ್ಟ ಕ್ರಮಸಂಖ್ಯೆ 41. ನೆಲಮಂಗಲ ದಾಟಿದೊಡನೆ ಅದನ್ನು ಸೀಳಿಗೆ ಕೊಟ್ಟರು. ಪೆಟ್ಟಿಗೆ ಅದನ್ನು ಗೌರವದಿಂದ ಒಳಗೆಳೆದುಕೊಂಡಿತು, ಗರ್ರ್ ಎಂದಿತು, ಟಿಕ್ ಟಿಕ್ ಎಂದಿತು, ದೀರ್ಘಾಲೋಚನೆಯ ಅನಂತರ ‘ನೋ ಡಿಸ್ಕ್’ ಎಂಬ ಅಕ್ಷರಗಳನ್ನು ಬೆಳಗಿಸಿ ಹೊರಕ್ಕೆ ನೂಕಿತು. “ಬಾಯಲ್ಲಿ ಇಟ್ಟುಕೊಂಡೇ ಇಲ್ಲ ಅನ್ನುತ್ತಲ್ಲಯ್ಯಾ!” ಎಂದು ಭಾವನವರು ನನ್ನನ್ನು ನೋಡಿದ ನೋಟದಲ್ಲಿ, ಆ ಸುಳ್ಳನ್ನು ಕಲಿಸಿದವನು ನಾನೇ ಎಂಬ ಆರೋಪವಿತ್ತು. ಅಂಗಡಿಯಲ್ಲಿ ಕೊಂಡ ಸಿ.ಡಿ. ಇದೇ ಪೆಟ್ಟಿಗೆಯಲ್ಲಿ ಹಾಡುತ್ತದಲ್ಲ ಎಂದೆ. ತಪ್ಪಾಯಿತು. ಕುಣಿಗಲ್ ಬರುವವರೆಗೆ ಉಪನ್ಯಾಸ: ಅಂಗಡಿಯದು ಅಚ್ಚಿನಲ್ಲಿ ಒತ್ತಿ ಕುಳಿ ಮೂಡಿಸಿದ್ದು, ಇದು ಬಣ್ಣದ ಲೇಪದ ಮೇಲೆ ಲೇಸರಿನಿಂದ ಕಲೆ ಮಾಡಿದ್ದು; ಬೆಳಕು ಅದರಿಂದ ಮರಳುವಷ್ಟು ಧಾರಾಳವಾಗಿ ಇದರಿಂದ ಮರಳದು; ಅಳಿಸಿ ಬರೆಯುವ ಜಾತಿಯ ಬಿಲ್ಲೆಯಿಂದಂತೂ ಕಾಲು ಪಾಲೂ ಮರಳದಾದ್ದರಿಂದ ಹಳೆಯ ಪೆಟ್ಟಿಗೆಗಳು ಅದರ ಮುಂದೆ ಕುರುಡು.

ಕುಣಿಗಲ್ಲಿನಲ್ಲಿ ಒರೆಸಿದ್ದಾಯಿತು. ಎಡೆಯೂರಿನಲ್ಲಿ ದೇವರ ದರ್ಶನ ಮುಗಿಸಿ ಬಂದು, ದೋಷ ಬಿಸಿಲಿನದೆಂದು ತೀರ್ಮಾನಿಸಿ, ಬಿಲ್ಲೆಯನ್ನು ಮೊಸರನ್ನದ ಡಬ್ಬಿಯ ಮುಚ್ಚಳದ ಮೇಲೆ ತಂಪಿಗಿಟ್ಟರು. ಅಕ್ಕ ಅದನ್ನು ತಟ್ಟೆಯೆಂದು ಭಾವಿಸಿ ಅದರ ಮೇಲೆ ಉಪ್ಪಿನಕಾಯಿ ಬಡಿಸದಿದ್ದುದು ಎಡೆಯೂರು ಸಿದ್ಧಲಿಂಗೇಶ್ವರನ ಕೃಪೆ. ಚನ್ನರಾಯಪಟ್ಟಣದಲ್ಲಿ ಸಂಶಯ ಪೆಟ್ಟಿಗೆಯೊಳಗಿನ ಮಸೂರದ ಧೂಳಿನ ಮೇಲೆ ತಿರುಗಿತು. ತಳದಲ್ಲಿ ಎಳೆಯ ಕುಂಚಗಳನ್ನು ನೆಟ್ಟಿದ್ದ ಸ್ವಚ್ಛಕಾರಕ ಬಿಲ್ಲೆಯೊಂದು ಅವರ ಚೀಲದಿಂದ ಹೊರಬಂದು, ಒಳಗೆ ಹೋಗಿ, ಕಸ ಗುಡಿಸಿ ಬಂದಿತು. ಹಾಸನದಲ್ಲಿ ಅವರು ಬಿಲ್ಲೆಯ ನೆತ್ತಿಗೆ ಅಂಟಿಸಿದ್ದ ಕಾಗದದ ಚೀಟಿ ಅದರ ತೂಕ ಕೆಡಿಸಿ ಓಲಾಡಿಸುತ್ತಿದೆಯೆಂದು ಊಹಿಸಿ, ಉಗುರಿನಿಂದ ಕೀಳಹೋಗಿ, ಮಾಹಿತಿಯ ಪದರ ಇರುವುದು ನೆತ್ತಿಯ ಮಗ್ಗುಲಿಗೇ ಎಂಬುದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು.

ಸಕಲೇಶಪುರ ದಾಟಿ ಶಿರಾಡಿ ಘಾಟಿಗಿಳಿಯುವ ಹೊತ್ತಿಗೆ ಮುಗಿಲು ಕವಿದು ಮಳೆ ಹಿಡಿಯಿತು. ಎರಡೂ ಕಡೆ ಕಾಡು, ತಗ್ಗಿನಲ್ಲಿ ಹೊಳೆಯ ಸದ್ದು. ಹಿಂದಿನ ಸೀಟಿನಲ್ಲಿ ಅಕ್ಕ, ಯಾರೂ ಕೇಳದಿದ್ದರೂ, ತಾನೇ ತಾನಾಗಿ ಹಳೆಯ ಭಾವಗೀತೆಯೊಂದನ್ನು ಎತ್ತಿಕೊಂಡಳು. ಅವಳ ಕಂಠ ಮದುವೆಗೆ ಮುಂಚೆ ನಮ್ಮ ಬೀದಿಯಲ್ಲೆಲ್ಲ ಹೆಸರಾಗಿತ್ತು. ಎಷ್ಟೋ ವರ್ಷಗಳ ಮೇಲೆ ಅದನ್ನು ಕೇಳುತ್ತ ನಾನು ಗೇರು ಬದಲಿಸುವುದನ್ನೂ ಮೆಲ್ಲಗೆ ಮಾಡಿದೆ. ಎರಡನೆಯ ಚರಣ ಬರುತ್ತಿತ್ತು. ಪೆಟ್ಟಿಗೆಗೆ ಕಿವಿಯಾನಿಸಿ ಬಗ್ಗಿದ್ದ ಭಾವನವರು ಕೈಯೆತ್ತಿ, “ಶ್ಶ್! ಒಂದು ನಿಮಿಷ ಸುಮ್ಮನಿರೇ, ಡಿಸ್ಕ್ ತಿರುಗೋ ಸದ್ದು ಕೇಳಬೇಕು!” ಎಂದರು.

ಅಕ್ಕ ಸುಮ್ಮನಾದಳು. ಬಿಲ್ಲೆಯೂ ಸುಮ್ಮನೆಯೇ ಇತ್ತು. ಧರ್ಮಸ್ಥಳ ಬರುವವರೆಗೆ ಗಾಜು ಒರೆಸುವ ಕಡ್ಡಿಯ ಸಂಗೀತ.

ಬೆಂಗಳೂರಿಗೆ ಮರಳಿದ ಮೇಲೆ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗನೊಬ್ಬ ಭಾವನವರ ನಿವೇದನೆಯನ್ನು, ಧೂಳು, ಉಷ್ಣ, ಬೆಳಕಿನ ಪ್ರತಿಫಲನ ಎಲ್ಲವನ್ನೂ ಕಿವಿಗೆ ಸಿಕ್ಕಿಸಿದ್ದ ಸ್ಕ್ರೂಡ್ರೈವರನ್ನು ತೆಗೆಯದೆ ಕೇಳಿ, “ಸಾರ್, ಲಾಸ್ಟಲ್ಲಿ ಕ್ಲೋಸ್ ಮಾಡಿದೀರಾ?” ಎಂದ. ಬರೆದು ಮುಗಿಸಿದ ಬಿಲ್ಲೆಗೆ ಕೊನೆಯಲ್ಲಿ ಒಂದು ಮುದ್ರೆ ಒತ್ತಬೇಕು. ಆಗಲೇ ಅದರ ಒಳಸುತ್ತಿನಲ್ಲಿ ಹಾಡುಗಳ ಪರಿವಿಡಿ ಮೂಡುವುದು. ಮುಚ್ಚದ ಬಿಲ್ಲೆ ಬರೆದ ಯಂತ್ರದ ಮುಂದೆ ಹಾಡುತ್ತದೆ. ಹೊರಗಿನವರ ಮುಂದೆ ಅದು ಪರಿವಿಡಿಯಿಲ್ಲದ ಗ್ರಂಥ, ಕಾರಿನ ಪೆಟ್ಟಿಗೆ ಅದನ್ನು ಖಾಲಿಯೆಂದೇ ತಿಳಿಯುತ್ತದೆ. ಭಾವನವರು ಇದನ್ನು ಅರಿಯದವರಲ್ಲ. ಸ್ವಲ್ಪ ಹೊತ್ತು ರಸ್ತೆಯನ್ನು ನೋಡಿ, ತಗ್ಗಿದ ದನಿಯಲ್ಲಿ, “ಕ್ಯಾಸೆಟ್ಟು ಅರವತ್ತು ನಿಮಿಷ. ಸಿ.ಡಿ. ಎಂಬತ್ತು. ಇನ್ನೂ ಇಪ್ಪತ್ತು ನಿಮಿಷ ಜಾಗ ಇತ್ತಲ್ಲಯ್ಯಾ, ಮುಚ್ಚೋದಕ್ಕೆ ಮನಸ್ಸು ಬರಲಿಲ್ಲ” ಎಂದರು. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಅಂಟಿಸುವ, ಮುಗಿದ ಪುಸ್ತಕಗಳ ಖಾಲಿ ಹಾಳೆ ಹರಿದು ಹೊಲಿದು ಹೊಸ ಪುಸ್ತಕ ಮಾಡುವ ಮನೆಯಲ್ಲಿ ಬೆಳೆದ ನನಗೆ ಆ ಮಾತಿಗೆ ನಗಲು ಬಾಯಿ ಬರಲಿಲ್ಲ.

ಆ ಸಂಜೆಯೇ ಅವರು ಕ್ರಮಸಂಖ್ಯೆ 41ನ್ನು ಮುಚ್ಚಿದರು. ಅದು ಹಾಡಿತು, ಅರ್ಧ ಕಿತ್ತ ಚೀಟಿಯಿಂದಾಗಿ ಆರನೆಯ ಹಾಡಿನಲ್ಲಿ ಒಮ್ಮೆ ತಡವರಿಸಿದ್ದನ್ನು ಬಿಟ್ಟರೆ, ಸುಶ್ರಾವ್ಯವಾಗಿಯೇ ಹಾಡಿತು. ಭಾವನವರು ಎರಡು ಹಾಡು ಕೇಳಿ, ಆಕಳಿಸಿ, “ಇಷ್ಟೇ ತಾನೆ” ಎಂದು ಇಳಿದು ಹೋದರು. ಆ ‘ಇಷ್ಟೇ ತಾನೆ’ ಎಂಬ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುಗಿಸಿದ್ದೇನೆ. ಹಾಡು ಅವರಿಗೆ ನೆಪಮಾತ್ರವಾಗಿತ್ತೆಂದು ಆಗ ಸಿಟ್ಟಾಗಿದ್ದೆ. ಈಗ ಅಷ್ಟು ಖಂಡಿತವಾಗಿ ಹೇಳಲಾರೆ. ನಿವೃತ್ತನಾದ ಮನುಷ್ಯನನ್ನು ‘ಸ್ವಲ್ಪ ಬಂದು ನೋಡಿ’ ಎಂದು ಕರೆಯುವ ವಸ್ತುಗಳು ಲೋಕದಲ್ಲಿ ಬಹಳವೇನೂ ಉಳಿದಿರುವುದಿಲ್ಲ.

ಮೊನ್ನೆ ಹೊಸ ಕಾರು ಕೊಂಡೆ. ಅಕ್ಕನನ್ನೂ ಅವರನ್ನೂ ಗಾಂಧಿಬಜಾರಿನವರೆಗೆ ಕೂರಿಸಿಕೊಂಡು ಹೋದೆ. ಫೋನನ್ನು ಕಾರಿಗೆ ಜೋಡಿಸಲು ನಾನು ಕಾಲುಗಂಟೆ ಹೆಣಗಿ, ಸೋದರಳಿಯನಿಗೆ ಮೂರು ಸಲ ಕರೆಮಾಡಿ, ಅವನ ನಿಟ್ಟುಸಿರನ್ನೂ ಕೇಳಿಸಿಕೊಂಡು, ಅಂತೂ ಹಾಡು ಹಾಕಿದೆ. ಭಾವನವರು ಕೇಳುತ್ತಿರಲಿಲ್ಲ. ಬೆರಳಿನಿಂದ ಮುಂದಿನ ಹಲಗೆಯನ್ನು ಎಡದಿಂದ ಬಲಕ್ಕೆ, ಗಾಜಿನ ಪರದೆಯ ಅಂಚಿನುದ್ದಕ್ಕೂ, ಅದರ ಕೆಳಗೂ ಸವರಿ ಸೀಳನ್ನು ಹುಡುಕುತ್ತಿದ್ದರು. ಎಲ್ಲಿಯೂ ಸಿಗಲಿಲ್ಲ. ಪಂಚೆಯ ಅಂಚು ಅದಾಗಲೇ ಅವರ ಎಡಗೈಯಲ್ಲಿತ್ತು.

“ಇದು ನಿಂತುಹೋದರೆ,” ಎಂದರು, “ಏನನ್ನಯ್ಯಾ ಒರೆಸೋದು?”