ವಿಮಾನದವರು ಬಿಟ್ಟ ರೈಲು

ಪ್ಯಾರಿಸ್‌ನಲ್ಲಿ ಕೆಲಸದಲ್ಲಿರುವ ಮಗ, ಊರಿಂದ ಬಂದ ತಾಯಿಗೆ ಮಿಲಾನ್ ತೋರಿಸಲು ಹೊರಟಿದ್ದ. ಕಣ್ಣು ಫೋನಿನಲ್ಲಿ.

"ಅಮ್ಮಾ, ವಿಮಾನಕ್ಕೆ ಬರೀ 20 ಯೂರೊ! ಒಂದೂವರೆ ಗಂಟೆ. ರೈಲಿಗೆ ಏಳು."

"ಪುಣ್ಯಾತ್ಮರು. ಪ್ಯಾರಿಸ್ಸಿಂದಲೇ ತಾನೆ?"

"ಹ್ಞೂಂ... ಬೋವೆ ಅಂತ. ಸುಮಾರು 80 ಕಿಲೋಮೀಟರು."

"ಇಳಿಯೋದು ಮಿಲಾನಲ್ಲಿ?"

"ಬೆರ್ಗಾಮೊದಲ್ಲಿ. ಆಮೇಲೆ ಒಂದು 50 ಕಿಲೋಮೀಟರು ಬಸ್ಸು."

"ರೈಲು ಬಿಡೋರು ರೈಲ್ವೆಯವರು ಮಾತ್ರ ಅಂದ್ಕೊಂಡಿದ್ದೆ." ತಾಯಿ ಸೂಟ್‌ಕೇಸ್ ತೋರಿಸಿದರು. "ಇದು?"

"ಅದಕ್ಕೆ ಬೇರೆ ದುಡ್ಡು. ನನ್ನ ಪಕ್ಕ ಕೂರೋಕೂ ಬೇರೆ."

"ಹೆತ್ತ ಮಗನ ಪಕ್ಕಕ್ಕೂ ಬಾಡಿಗೆಯೇ! ವಿಮಾನದ ಎಣ್ಣೆ ಅಷ್ಟು ದುಬಾರಿಯೇನೋ?"

"ಇಲ್ಲಮ್ಮ, ದೇಶದಿಂದ ದೇಶಕ್ಕೆ ಹಾರೋ ವಿಮಾನದ ಇಂಧನಕ್ಕೆ ಇಲ್ಲಿ ತೆರಿಗೆಯೇ ಇಲ್ಲ."

"ಪಾಪ, ಬಡವರಿರಬೇಕು."

ಮಗ ಸರ್ಕಾರದ ಪರ ನಿಂತ: ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟುವ ಊರಿಗೆ ದೇಶದೊಳಗೆ ವಿಮಾನ ಬೇಡವೆಂದು 2023ರಲ್ಲಿ ಫ್ರಾನ್ಸ್ ಕಾನೂನು ಜಾರಿಗೆ ತಂದಿದೆ. ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದಿಂದ ನಾಂತ್, ಲಿಯೋಂ, ಬೋರ್ದೊ. ಅಷ್ಟೇ, ಮೂರು ಮಾರ್ಗ.

"ಕಾನೂನಿಗೂ ಕೈಚೀಲದ ಅಳತೆ ಇಟ್ಟಿದ್ದಾರೆ ಅನ್ನು. ಹೋಗ್ಲಿ, ಆ ರೈಲಿನವರು ಎಲ್ಲಿ ಇಳಿಸ್ತಾರೆ?"

"ಮಿಲಾನ್ ಊರೊಳಗೇ. ಚೀಲಕ್ಕೆ ದುಡ್ಡಿಲ್ಲ, ಟಿಕೆಟ್ ಮಾತ್ರ ದುಬಾರಿ."

"ಊರೊಳಗೇ ಇಳಿಸಿ, ಚೀಲಾನೂ ಬಿಟ್ಟಿ ಹೊರ್ತಾರಾ? ವ್ಯಾಪಾರ ಗೊತ್ತಿಲ್ಲ ಬಿಡು ಅವರಿಗೆ."